ಸೀಮೆ

ಮಾವನವರ ತಿಥಿ ಪುಷ್ಯ ಬಹುಳ ಪಂಚಮಿ.
ಅಂದು ಅಡುಗೆಮನೆಗೆ ಬರಬಾರದವರ ಪಟ್ಟಿ
ಅತ್ತೆಗೆ ಬಾಯಿಪಾಠ:
ಆಲೂಗಡ್ಡೆ, ಕೋಸು, ಟೊಮೇಟೊ, ಹುರುಳಿಕಾಯಿ,
ಹಸಿಮೆಣಸಿನಕಾಯಿ,
ಸೀಮೆಬದನೆ,
ನಾನು.

ಹನುಮಂತನಗರದ ಈ ತಾರಸಿಯ ಮೇಲೆ
ಮೂವತ್ತೆರಡು ಪೇಂಟಿನ ಡಬ್ಬ, ಒಡೆದ ಸಿಂಟೆಕ್ಸಿನ ಅರ್ಧ,
ಎಲ್ಲ ನನ್ನವು. ಅವ್ವ ಕಲಾಸಿಪಾಳ್ಯಕ್ಕೆ
ಸೊಪ್ಪಿನ ಕಂತೆ ಹೊತ್ತವಳು, ತಿಗಳರ ಮುನಿಯಲ್ಲಮ್ಮ.
ಸಂಪಂಗಿ ಕೆರೆಯ ಕೆಳಗೆ ಅವಳ ಅಜ್ಜನ ತೋಟವಿತ್ತಂತೆ;
ಈಗಲ್ಲಿ ಕೆರೆಯೂ ಇಲ್ಲ.
ಆಷಾಢದ ಗಾಳಿ ನಿಂತರೆ ಹೀರೆ,
ಹಸ್ತದ ಮಳೆಗೆ ಮೂಲಂಗಿ, ಸ್ವಾತಿ ಕಳೆದರೆ ದಂಟು,
ನನಗೆ ಇದೇ ಪಂಚಾಂಗ.

ಹಡಗಿನಿಂದಿಳಿದ ಕಾಯಿಯೊಂದು
ಕರಿಮೆಣಸಿನ ಹೆಸರನ್ನೇ ಎತ್ತಿಕೊಂಡು ಮನೆಯದಾಯಿತು.
ವರ್ಷಕ್ಕೊಂದು ದಿನ ಮಾತ್ರ
ಎಲ್ಲರಿಗೂ ಅದರ ಊರು ನೆನಪಾಗುತ್ತದೆ.

ಪಟ್ಟಿಯಲ್ಲಿಲ್ಲದ್ದನ್ನು ಬೆಳೆದುಕೊಡುವವಳೂ ನಾನೇ:
ಬಾಳೆಕಾಯಿ, ಹಾಗಲ, ಒಂದು ಹಿಡಿ ಕರಿಬೇವು.
ಹೊಸ್ತಿಲ ಈಚೆ ಮೊರ ಇಟ್ಟು ಸರಿಯುತ್ತೇನೆ.
ಅತ್ತೆ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಾರೆ.
ನೀರಿಗೇನು ಗೊತ್ತು,
ಬಾಳೆಯ ಬುಡಕ್ಕೆ ಹಾಕಿದ್ದು ಎಲುಬಿನ ಪುಡಿ.
ಲಾಲ್‌ಬಾಗಿನ ಹತ್ತಿರದ ನರ್ಸರಿಯ ಜಬೀವುಲ್ಲಾ
ಪೊಟ್ಟಣ ಕಟ್ಟುತ್ತ ಹೇಳಿದ್ದ,
“ಗೊನೆ ನೋಡಿ ಆಮೇಲೆ, ಅಕ್ಕ.”
ಗೊನೆ ನೋಡಿದೆ. ಏಳು ಚಿಪ್ಪು.

ಊಟವಾದ ಮೇಲೆ ನರಹರಿ ಜೋಯಿಸರು
ತಾರಸಿಯ ನೆರಳಿಗೆ ಬಂದು ವೀಳ್ಯ ಮೆಲ್ಲುತ್ತ
ಮಾತಿಗೆ ಮಾತು ಬಂದು ಹೇಳಿದರು:
“ಹಳೆಯ ಸ್ಮೃತಿಗಳಲ್ಲಿ ಪಿತೃಗಳಿಗೆ ಮಾಂಸವೇ ಇತ್ತಮ್ಮ,
ಯಾವುದಕ್ಕೆ ಎಷ್ಟು ತಿಂಗಳ ತೃಪ್ತಿ ಅಂತ ಲೆಕ್ಕ ಸಮೇತ.
ಕಲಿಯಲ್ಲಿ ಬೇಡ ಅಂದರು. ನಮಗೆ ಉದ್ದಿನ ವಡೆ ಉಳೀತು.”
ಸುತ್ತ ನೋಡಿ, ಅತ್ತೆ ಇಲ್ಲವೆಂದು ಖಾತ್ರಿಯಾಗಿ,
ನಕ್ಕು,
ಇನ್ನಷ್ಟು ಸುಣ್ಣ ಕೇಳಿದರು.

ಕಟ್ಟೆಯ ಮೇಲಿನ ಪಿಂಡಕ್ಕೆ ಕಾಗೆ ಈ ಸಲ ಬೇಗ ಬಂದಿತ್ತು.
ನನಗೆ ಅದರ ಪರಿಚಯವಿದೆ, ಒಂದು ಕಾಲು ಕುಂಟು.
ಬೆಳಿಗ್ಗೆ ಮೂಲೆಯ ಬಿರಿಯಾನಿ ಅಂಗಡಿಯ ಹಿಂದೆ
ಮೂಳೆ ಕುಕ್ಕುತ್ತಿತ್ತು.
ಮಾವ ನನ್ನೊಡನೆ ಮಾತಾಡಿದ್ದು ಎರಡೇ ಸಲ;
ಕಾಗೆ ದಿನಾ ಮಾತಾಡುತ್ತದೆ.

ಸಂಜೆ ಅತ್ತೆ ಮಂಡಿ ಹಿಡಿದುಕೊಂಡು ಮೆಟ್ಟಿಲೇರಿದರು.
ಕೆಳಗೆ ಅವರೆಕಾಯಿಯ ಗಾಡಿ
ಬೀದಿಯುದ್ದ ಸೊಗಡು ಚೆಲ್ಲುತ್ತ ಹೋಗುತ್ತಿತ್ತು.
ಬಾಯೆಲ್ಲ ಚಪ್ಪೆ, ಎಂದರು, ಬರೀ ಮೆಣಸು.
ಸೀಮೆಬದನೆಯ ಬಳ್ಳಿ ಈ ವರ್ಷ
ಬಾಳೆಯನ್ನು ತಬ್ಬಿ ತುದಿ ಮುಟ್ಟಿದೆ;
ಬಿಡಿಸಲು ಹೋದರೆ ಎರಡೂ ಹರಿಯುತ್ತವೆ.
ಒಂದು ಕಾಯನ್ನು ಅಂಗೈಯಲ್ಲಿ ತೂಗಿ ನೋಡಿದರು,
ಕೀಳಲಿಲ್ಲ.
“ಯಾವ ಸೀಮೆಯದೋ ಏನೋ. ನಾಳೆಗೆ ಬಲಿಯುತ್ತೆ.
ನೀರು ಹಾಕಿದ್ದೀಯ?”

ಹಾಕಿದ್ದೇನೆ, ಎಂದೆ.
ನೀರಷ್ಟೇ ಅಲ್ಲ, ಎನ್ನಲಿಲ್ಲ.