ಲಾಡಿಯ ತುದಿ

ಇಪ್ಪತ್ತೆಂಟು, ಮೂವತ್ತು, ಮೂವತ್ತೆರಡು—
ದಿನಕ್ಕೆ ನಾನೂರು ಸೊಂಟಕ್ಕೆ ನಂಬರು ಹೊಲಿಯಾಕಿ ನಾನು,
ಕೌಲ್ ಬಜಾರಿನ ತಗಡಿನ ಶೆಡ್ಡಿನಾಗೆ
ಕಿಟಕಿ ಕಡೆಯಿಂದ ಎರಡನೇ ಮಷೀನು.
ನಲವತ್ತರ ಮೇಲೆ ಆರ್ಡರು ಬರೋದು ಕಮ್ಮಿ.
ಬಂದರೆ ಹುಡುಗಿಯರು ಆ ಪ್ಯಾಂಟು ಎತ್ತಿ ಹಿಡಿದು
ಒಂದೊಂದು ಕಾಲೊಳಗೆ ಒಬ್ಬೊಬ್ಬಳು ನಿಂತು ನಗ್ತಾರೆ.
ನಾನೂ ನಗ್ತೀನಿ.
ನನ್ನ ಲಂಗಕ್ಕೆ ನಂಬರಿಲ್ಲ, ಲಾಡಿ ಐತೆ.
ಎಷ್ಟು ಸಡಿಲ ಬಿಟ್ಟರೂ ಅದು ಯಾರಿಗೂ ಹೇಳಂಗಿಲ್ಲ.

ಹೇಳಿದ್ದು ಮೊಣಕಾಲು.
ಆಮೇಲೆ ರಕ್ತದ ಚೀಟಿ.
ಡಾಕ್ಟರು ತಲೆ ಎತ್ತದೇ ಬರೆದರು: ಹದಿನೈದು ಕಿಲೋ ಇಳಿಸಬೇಕು.
ಎಲ್ಲಿ ಇಳಿಸಲಿ?
ಲಾರಿಯಿಂದ ಮೂಟೆ ಇಳಿಸಿದಂಗೆ
ಗೋಡೆಗೆ ಆನಿಸಿ ಬರೋವಂಥದ್ದಾ?

ಹೊರಗಿನ ಬೆಂಚಿಗೆ ಬಂದು ಕುಂತಾಕೆ ತಸ್ಲೀಮಾ.
ಎದುರಿಗಲ್ಲ, ಪಕ್ಕಕ್ಕೆ.
ಕೊರಳಾಗೆ ಗುರುತಿನ ಕಾರ್ಡು, ಕೈಯಾಗೆ
ಸಾಲಿ ಹುಡುಗರ ಇನ್ನೂರು ಪುಟದ ನೋಟ್‌ಬುಕ್ಕು.
ಅನ್ನ ಬಿಡು ಅಂತಾಳೆ, ಎಣ್ಣೆ ಬಿಡು ಅಂತಾಳೆ—ಕಾದೆ.
"ಎರ್ರೆಮ್ಮಕ್ಕ, ನಿನ್ನೆ ದಿನ ಹೆಂಗೆ ಕಳೀತು, ಹೇಳು" ಅಂದಳು.

ಐದಕ್ಕೆ ನಳದ ನೀರು.
ಹನ್ನೊಂದರ ಚಹಾ, ಸಕ್ಕರೆ ಜಾಸ್ತಿ, ಜಾಸ್ತಿ ಇದ್ದರೇ ಕೈ ಓಡೋದು.
ಮಧ್ಯಾಹ್ನ ಅನ್ನ, ಮ್ಯಾಲೆ ಮತ್ತೆ ಅನ್ನ.
ನಾಲ್ಕಕ್ಕೆ ಒಗ್ಗರಣೆ, ಎರಡು ಮಿರ್ಚಿ,
ಶೇಠು ಕೊಡಿಸಿದ ದಿನ ನಾಲ್ಕು.
ರಾತ್ರಿ, ಮಕ್ಕಳ ತಟ್ಟೆಯಾಗೆ ಉಳಿದದ್ದು.
"ಅದು ಯಾರ ಊಟ ಅಕ್ಕ?"
"ಯಾರದೂ ಅಲ್ಲ. ಚೆಲ್ಲಬಾರದು ಅಂತ."
ಅದನ್ನಷ್ಟು ಬರಕೊಳ್ಳಲಿಲ್ಲ ಆಕೆ. ಪೆನ್ನು ಮುಚ್ಚಿದಳು.
"ಹಂಗಾದ್ರೆ ನೀನೇನು ಡಬ್ಬಿಯಾ?"

ಸಿಟ್ಟು ಬಂತು. ಬಸ್ಸಿನಾಗೆ ಕುಂತ ಮೇಲೆ ನಗು ಬಂತು.
ಮನೆ ಮುಟ್ಟೋ ಹೊತ್ತಿಗೆ ಎರಡೂ ಅಲ್ಲದ್ದು ಬಂತು.

ಗುರುವಾರ ಗುರುವಾರ ಫೋನು, ಚಹಾದ ಹೊತ್ತಿಗೆ ಸರಿಯಾಗಿ.
"ಈ ವಾರ ನಿನ್ನ ಕೈಲಾಗೋದು ಒಂದೇ ಒಂದು ಹೇಳು."
ಸಕ್ಕರೆಯ ಎರಡನೇ ಚಮಚ, ಅಂದೆ.
ಮುಂದಿನ ವಾರ, ಒಂದು ಮಿರ್ಚಿ.
ಅದರ ಮುಂದಿನ ವಾರ, ಆ ಮಿರ್ಚಿ ವಾಪಸು ತಗೊಂಡೆ ಅಂದೆ.
"ಸರಿ, ಚಮಚ ಐತಲ್ಲ ಇನ್ನೂ?" ಅಂದಳು.

ನಡಿ ಅಂದರೆ ಬಳ್ಳಾರಿಯಾಗೆ ಎಲ್ಲಿ ನಡೀಲಿ, ಮೇ ತಿಂಗಳು?
ರಾತ್ರಿ ಒಂಬತ್ತಕ್ಕೆ ಮಾಳಿಗೆ ಹತ್ತಿದೆ.
ಅಂಗಾಲ ಕೆಳಗೆ ಇಳಿಸಿಟ್ಟ ಹಂಚಿನ ಬಿಸಿ.
ನೀರಿನ ಟ್ಯಾಂಕಿನಿಂದ ಒಣಹಾಕೋ ಹಗ್ಗದ ಮಟ ಇಪ್ಪತ್ತೆರಡು ಹೆಜ್ಜೆ,
ತಿರುಗಿ ಇಪ್ಪತ್ತೆರಡು.
ಅತ್ತ ಕೋಟೆ ಗುಡ್ಡ, ಒಂದೇ ಬಂಡೆ, ದೀಪ ಹಚ್ಚಿಕೊಂಡು ಕುಂತೈತೆ.
ಅದಕ್ಕೆ ಯಾರೂ ಇಳಿಸು ಅಂದಿಲ್ಲ.

ತಂಗಿ ಮಗಳ ಮದುವೆಯಾಗೆ ಹೋಳಿಗೆ ಎಣಿಸಲಿಲ್ಲ.
ಎರಡು ಗುರುವಾರ ಫೋನು ಎತ್ತಲಿಲ್ಲ.
ಮೂರನೇದಕ್ಕೆ ಶೆಡ್ಡಿನ ಬಾಗಿಲಿಗೇ ಬಂದಳು.
ಬೈಯಾಕೆ ಬಂದಿಯಾ ಅಂದೆ.
ಚೀಲದಿಂದ ಚೂಡಿದಾರ ತೆಗೆದಳು: "ಪಕ್ಕ ಬಿಗಿ ಆಗೈತೆ. ಬಿಚ್ಚಿಕೊಡು."
ಒಳಗೆ ಒಂದೂವರೆ ಇಂಚು ಬಟ್ಟೆ ಇತ್ತು.
ಬ್ಲೇಡು ಹಿಡಿದು ಹೊಲಿಗೆ ಕೊಯ್ಯುತ್ತ, ಮುಖ ನೋಡದೇ
ಆಕೆಯ ಪ್ರಶ್ನೆ ಆಕೆಗೇ ಕೇಳಿದೆ,
ನಿನ್ನೆ ದಿನ ಹೆಂಗೆ ಕಳೀತು?

ಚಹಾ ಆರಿತು.
"ಎಲ್ಲರೂ ಮಲಗಿದ ಮೇಲೆ," ಅಂದಳು, "ಲೈಟು ಹಾಕಂಗಿಲ್ಲ,
ಒಲೆ ಮುಂದೆ ನಿಂತುಕೊಂಡೇ ತಿಂತೀನಿ ಅಕ್ಕ."
ನಾನೇನೂ ಬರಕೊಳ್ಳಲಿಲ್ಲ. ನನ್ನತ್ರ ನೋಟ್‌ಬುಕ್ಕಿಲ್ಲ.
ಪಕ್ಕಕ್ಕೆ ಅರ್ಧ ಇಂಚು ಬಿಟ್ಟೆ, ಅಷ್ಟೇ,
ಉಳಿದದ್ದು ಒಳಗೇ ಇರಲಿ ಅಂತ ಮಡಚಿ ಹೊಲಿದೆ.
"ಕುಂತು ತಿನ್ನು," ಅಂದೆ. "ಈ ವಾರ ಅದೊಂದು."

ಆರು ತಿಂಗಳಾಯ್ತು.
ಎರಡು ಕಿಲೋ ಮುನ್ನೂರು ಗ್ರಾಂ. ಡಾಕ್ಟರು
ಈ ಸಲಾನೂ ತಲೆ ಎತ್ತಲಿಲ್ಲ.
ಆದರೆ ಗಂಟು ಹಾಕಿದ ಮೇಲೆ ಉಳಿಯೋ ಲಾಡಿಯ ತುದಿ
ಮೊದಲು ಹೆಬ್ಬೆರಳಷ್ಟು ಇತ್ತು,
ಈಗ ಗೇಣಿಗೆ ಒಂಚೂರು ಕಮ್ಮಿ.
ನೀಲಿ ಬಣ್ಣ ಹತ್ತಿದ ಬೆರಳಿಂದ ಒಳಗೆ ಸಿಗಿಸಿಕೊಂತೀನಿ.
ಪೆಡಲು ತುಳಿಯುವಾಗ ಹೊಟ್ಟೆಗೆ ಕಚಗುಳಿ ಇಡ್ತದೆ.
ಕತ್ತರಿ ಕೈಯಾಗೇ ಐತೆ.
ಕತ್ತರಿಸಿಲ್ಲ.
ಮುಂದೆ ಬೇಕಾದೀತು ಅಂತ ಅಲ್ಲ.
ಬೇಕಾದೀತು ಅಂತಾನೂ ಹೌದು.