ಪೊರ್ಲುಂಡು, ಆಂಡ

ಮೂರು ವಾರಕ್ಕೆಂದು ಬಂದವರು ಮಾರಾಯ್ರೆ,
ಹಂಚು ಒಯ್ಯುವ ಹಡಗಿನಲ್ಲಿ.
ಮೂವತ್ತೆಂಟು ವರ್ಷ ಇದ್ದರು
ಹೊಯಿಗೆಬಜಾರಿನಲ್ಲಿ, ಇದ್ದಿನಬ್ಬರ ಒಣಮೀನಿನ ಗೋದಾಮಿನ ಮೇಲೆ.
ಒಂದು ಕಿಟಕಿ, ಒಂದು ಟೈಪ್‌ರೈಟರು,
ಅಕ್ಷರಗಳ ತಲೆಯ ಮೇಲೆ ಎರಡೆರಡು ಚುಕ್ಕೆ.
ಹಂಗೇರಿಯವರಂತೆ. ಮಾರ್ಗಿಟ್ ಎಂದು ಹೆಸರು.
ನಮಗೆ ಬಾಯಮ್ಮ.

ಕಾದಂಬರಿ ನಾಲ್ಕು ಬರೆದರು. ಊರಲ್ಲಿ ಓದಿದವರಿಲ್ಲ.
ಅವರ ದೇಶದಲ್ಲೂ ಇಲ್ಲ, ಅಚ್ಚು ಹಾಕಲು ಬಿಡಲಿಲ್ಲವಂತೆ.
ಬೇರೆ ಯಾವುದೋ ದೇಶದಿಂದ ಕಟ್ಟು ಬಂದಾಗ
ಅಂಚೆಯ ವಾಮನ ಗಟ್ಟಿಯವರು ಒಂದು ಪುಟ ತಿರುವಿ
"ಇದೇನು ಬಾಯಮ್ಮ, ಅಕ್ಷರಕ್ಕೆಲ್ಲ ಸಿಡುಬು?" ಎಂದದ್ದುಂಟು.

ಅನ್ನ ಕೊಟ್ಟದ್ದು ಇನ್ನೊಂದು ಕೆಲಸ:
ಬೊಂಬಾಯಿಯ ಪೇಪರಿಗೆ ಚಿತ್ರಗಳ ಬಗ್ಗೆ ಬರೆಯುವುದು.
ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಹೋಗಿ,
ಅಲ್ಲಿಯ ಗೋಡೆಗಳನ್ನು ನೋಡಿ, ಅದೇ ಬಸ್ಸಿಗೆ ವಾಪಸು ಬಂದು
ಗಂಜಿಗೆ ಉಪ್ಪಿನಕಾಯಿ ಕೇಳುತ್ತಿದ್ದರು.
ದೊಡ್ಡ ದೊಡ್ಡ ಚಿತ್ರಕಾರರು ಅವರಿಗೆ ಹೆದರುತ್ತಿದ್ದರೆಂದು
ನಮಗೆ ಆಮೇಲೆ ಗೊತ್ತಾಯಿತು.
ತುಳು ಕಲಿತಿದ್ದರು. ಅದರಲ್ಲಿ ಎರಡೇ ಮಾತಿಗೆ ಸವೆತ ಹೆಚ್ಚು:
ಪೊರ್ಲುಂಡು. ಆಂಡ.
ಚಂದ ಉಂಟು. ಆದರೆ.

ನಾನು ಬೋರ್ಡು ಬರೆಯುವವ. ಐತಪ್ಪ ಆರ್ಟ್ಸ್, ಬಂದರು.
ಎಪ್ಪತ್ತಮೂರರಲ್ಲಿ ಪದ್ಮನಾಭನ ಸೋಡಾ ಅಂಗಡಿಗೆ
ಆಳೆತ್ತರದ ಬಾಟಲಿ ಬರೆದೆ, ಗೋಲಿಯೊಳಗಿನ ಬೆಳಕು ಸಹ.
ಬಾಯಮ್ಮ ಕೊಡೆ ಮಡಚಿ ಕಾಲು ಗಂಟೆ ನಿಂತರು.
"ಪೊರ್ಲುಂಡು. ಆಂಡ
ಸೋಡಾ ಕುಡಿಯುವುದು ಸಂಜೆ. ಸಂಜೆ ಸೂರ್ಯ ಕಡಲಿನ ಮೇಲೆ.
ನಿನ್ನ ಬಾಟಲಿಯ ನೆರಳೂ
ಕಡಲಿನ ಕಡೆಗೇ ಬಿದ್ದಿದೆಯಲ್ಲ ಐತಪ್ಪ?"

ಎಂಟು ದಿನ ಮಾತು ಬಿಟ್ಟೆ.
ಒಂಬತ್ತನೆಯ ರಾತ್ರಿ ಪೆಟ್ರೋಮ್ಯಾಕ್ಸ್ ಹಿಡಿಸಿ, ಏಣಿ ಹತ್ತಿ
ನೆರಳನ್ನು ಎಡದಿಂದ ಬಲಕ್ಕೆ ಸಾಗಿಸಿದೆ.
ಮರುದಿನ ಬಂದರು, ನೋಡಿದರು, ಸೋಡಾ ಕುಡಿದರು,
ಚಿಲ್ಲರೆ ಎಣಿಸಿ ಕೊಟ್ಟು ಹೋದರು.
ಆಂಡ ಎನ್ನಲಿಲ್ಲ.
ನನಗೆ ಬೇರೆ ಸನ್ಮಾನ ಆದದ್ದಿಲ್ಲ.

ಈಗ ಎಲ್ಲ ಫ್ಲೆಕ್ಸ್.
ಬಾಯಮ್ಮ ಹೋಗಿ ಇಪ್ಪತ್ತನಾಲ್ಕು ವರ್ಷ.
ಮೊನ್ನೆ ಅವರ ದೇಶದ ಹುಡುಗಿಯೊಬ್ಬಳು
ನನ್ನನ್ನೇ ಕೇಳಿಕೊಂಡು ಬಂದಳು.
ನಾಲ್ಕನೆಯ ಕಾದಂಬರಿಯಲ್ಲಿ ನಾನಿದ್ದೇನಂತೆ:
ಏಣಿಯ ಮೇಲೆ ಒಬ್ಬ, ನೆರಳು ಸಾಗಿಸುವವ.
ಬೆರಳಿಟ್ಟು ಓದಿ, ತಡೆತಡೆದು ಹೇಳಿದಳು.
ಗೋಲಿಯ ಬೆಳಕು ಉಂಟು, ಎಂಟು ದಿನದ ಸಿಟ್ಟೂ ಉಂಟು.
ಕೊನೆಗೆ ಅವನು ಬೀಳುತ್ತಾನೆ.

ಪೊರ್ಲುಂಡು, ಎಂದೆ. ಆಂಡ
ನಾನು ಬಿದ್ದವನಲ್ಲ.
ಹುಡುಗಿ ಅದನ್ನೂ ಬರೆದುಕೊಂಡಳು.

ಏಣಿ ಹಿತ್ತಿಲಲ್ಲೇ ಉಂಟು.
ಮೇಲಿನಿಂದ ಮೂರನೆಯ ಮೆಟ್ಟಿಲು
ಆಗಲೂ ಅಲುಗಾಡುತ್ತಿತ್ತು.
ನಾನು ಯಾರಿಗೂ ಹೇಳಿರಲಿಲ್ಲ.