ಪಾಪಿಗಳ ಮಡಿ

ಲಾಲ್‌ಬಾಗಿಂದ ಇದ್ರೀಸ ತಂದ ಮೂರು ಪೊಟ್ಟಣ.
ಶಿಡ್ಲಘಟ್ಟದ ನಮ್ಮ ಹಿತ್ತಲಲ್ಲಿ
ಚರಕದ ಕೊಟ್ಟಿಗೆಗೂ ನೀರಿನ ತೊಟ್ಟಿಗೂ ನಡುವೆ
ನಾಲ್ಕು ಮಾರು ನೆಲ.
"ಏನು ಹೂವೇ ಅದು?" ಗೋಡೆಯಾಚೆ ಅಲಮೇಲಮ್ಮ.
ಪಾಪಿ, ಅಂದೆ.
ನಕ್ಕರು, ಒದ್ದೆ ಸೀರೆ ಹಿಂಡುತ್ತಲೇ ನಕ್ಕರು:
"ಪಾಪಿಗಳಿಗೂ ಒಂದು ಮಡಿ ಮಾಡಿದೆಯಲ್ಲೇ, ಖಮರು!"

ಬೀಜ ಅಂದರೆ ಬೀಜವಲ್ಲ, ಧೂಳು.
ಇಪ್ಪತ್ತೆರಡು ವರ್ಷ ಕುದಿನೀರಲ್ಲಿ
ಎಳೆಯ ತುದಿ ಹುಡುಕಿದ ಬೆರಳು ಇವು,
ಬಿಸಿ ತಿಳಿಯದು, ಧೂಳು ಎಲ್ಲಿ ತಿಳಿದೀತು.
ಹಿಡಿ ಮರಳಿಗೆ ಬೆರೆಸಿ
ಅಲಮೇಲಮ್ಮ ರಂಗೋಲಿ ಬಿಡುವ ಹಾಗೆ ಬಿಟ್ಟೆ.
ಬಿತ್ತು ಅಂತ ನಂಬಿದೆ.

ಡಬ್ಬಿಯ ಗಸಗಸೆಯೂ ಒಂದು ಚಿಟಿಕೆ ಹಾಕಲಾ ಅಂದರೆ
ಹೌಹಾರಿದ ಇದ್ರೀಸ: "ಪೊಲೀಸ್ ಬರ್ತಾರೆ ಖಾಲಾ!"
ಒಂದೇ ಮನೆತನವಂತೆ.
ಇವಕ್ಕೆ ಹೂದೋಟ, ಅದಕ್ಕೆ ಕಾನೂನು.
ಇರಲಿ ಪಾಯಸಕ್ಕೆ ಅಂತ ಮುಚ್ಚಳ ಬಿಗಿದೆ.

ಕಾರ್ತಿಕದ ಚಳಿಗೆ ಮೊಳಕೆ.
ಅಲಮೇಲಮ್ಮ ಒಂದು ಸಸಿ ಕೇಳಿದರು, ಮಣ್ಣು ಸಮೇತ ಕೊಟ್ಟೆ,
ಸಂಜೆಗೆ ತಲೆ ಹಾಕಿತು.
ದತ್ತು ಹೋಗುವ ಜಾತಿಯಲ್ಲ.

ಐಸ್‌ಲ್ಯಾಂಡಿನದು ಮುನಿಸಿಕೊಂಡೇ ಹೋಯಿತು.
ಕ್ಯಾಲಿಫೋರ್ನಿಯಾದ್ದು ಕಿತ್ತಳೆ ಬಣ್ಣ, ಬಿಸಿಲು ಬಂದರೆ ಅಂಗಡಿ ತೆರೆಯುತ್ತೆ,
ಐದಕ್ಕೆಲ್ಲ ಶಟರು.
ಶರ್ಲಿಯ ಮಾತೇ ಬೇರೆ.

ಕತ್ತು ಬಗ್ಗಿಸಿದ ಮೊಗ್ಗು, ಮೈತುಂಬ ರೋಮ,
ಥೇಟ್ ಗೂಡು.
ಫಜರ್ ಮುಗಿಸಿ ಬಂದು ಪಕ್ಕದಲ್ಲೇ ಕುಕ್ಕರಿಸಿದ್ದೆ,
ಸಿಪ್ಪೆ ಎರಡು ಹೋಳಾಗಿ ಬಿತ್ತು.
ಒಳಗಿಂದ ಕೆಂಪು, ಮುದುಡಿ ಮುದುಡಿ,
ಇಸ್ತ್ರಿ ಕಾಣದ ರೇಷ್ಮೆ.

ನಮ್ಮಲ್ಲಿ ಚಿಟ್ಟೆ ಒಡೆದದ್ದು ತೂತುಗೂಡು.
ಎಳೆ ತುಂಡು, ರೇಟು ಅರ್ಧಕ್ಕಿಂತ ಕಮ್ಮಿ.
ಅದಕ್ಕೇ ಬೇಗ ಬೇಯಿಸಿಬಿಡುವುದು.
ಎಷ್ಟು ಲಕ್ಷ ಬೇಯಿಸಿದೆನೋ,
ಒಂದು ಒಡೆಯುವುದನ್ನು ಕೂತು ನೋಡಿದ್ದು
ಇದೇ ಮೊದಲು.
ಬೆರಳಿಂದ ಮುಟ್ಟಿದೆ. ಏನೂ ಇಲ್ಲ.
ಬಾಗಿ ತುಟಿ ತಾಗಿಸಿದೆ.
ತಣ್ಣಗಿತ್ತು.

ಮುಡಿಗಾಗದು, ಮಾಲೆಗಾಗದು,
ದರ್ಗಾದ ಚಾದರಿನ ಮೇಲೂ ನಿಲ್ಲದು.
ಮಧ್ಯಾಹ್ನದ ಹೊತ್ತಿಗೆ ದಳವೆಲ್ಲ
ತೊಟ್ಟಿಯ ನೀರಲ್ಲಿ.

ಕೆರೆಗೋಡಿನ ಜತೆ ಹೇಳದೆ ಬಂದದ್ದೊಂದು ಮೂಲೆಯಲ್ಲಿದೆ,
ಮೈಯೆಲ್ಲ ಮುಳ್ಳು, ಹಳದಿ ಹೂ,
ಏರಿಯ ಮೇಲೆ ಮೇಕೆಯೂ ಮೂಸದ ಅರಿಸಿನ ಉಮ್ಮತ್ತಿ.
ಕೀಳಲು ಕುಡುಗೋಲು ತಂದೆ.
"ಅದೂ ಇದೇ ಕುಲ ಖಾಲಾ," ಇದ್ರೀಸ, ಫೋನು ನೋಡುತ್ತಾ.
ಬಿಟ್ಟೆ.
ನೀರು ಮಾತ್ರ ಹಾಕುವುದಿಲ್ಲ.
ಅದೂ ಕೇಳಿಲ್ಲ.

ಈಗ ಶರ್ಲಿ ಒಣಗಿದೆ, ಕಾಯಿ ಗಿಲಕಿ ಆಡುತ್ತಿದೆ.
ಒಂದನ್ನು ಗೋಡೆ ದಾಟಿಸಿದೆ.
ಮಡಿಯಲ್ಲಿದ್ದರೂ ಕೈ ಚಾಚಿ ತೆಗೆದುಕೊಂಡ ಅಲಮೇಲಮ್ಮ
ಕಿವಿಯ ಹತ್ತಿರ ಅಲ್ಲಾಡಿಸಿ,
"ಎಷ್ಟಿರಬಹುದೇ ಇದರಲ್ಲಿ ಪಾಪಿಗಳು?"

ಎಣಿಸೋಕಾಗಲ್ಲ,
ಮರಳಲ್ಲಿ ಬೆರೆಸಿ, ಅಂದೆ.